ಅವ್ವನ ಚೀಲ ಸಿಕ್ಕಿತು

ನಿನ್ನೆ ಗದಗದಿಂದ ಅಣ್ಣಿಗೇರಿ ಮಾರ್ಗವಾಗಿ ಹುಬ್ಬಳ್ಳಿಗೆ ಬಂದಿಳಿದ ಅವ್ವನ ಕೈಚೀಲ ಬಸ್ಸಿನಲ್ಲಿಯೇ ಉಳಿದಿತ್ತು. ಅದರಲ್ಲಿ ಹೊಲದ ಉತಾರ (ಪಹಣಿ), ಬ್ಯಾಂಕಿನ ಪಾಸ್‌ಬುಕ್ಕು ಮತ್ತು ತೀರಿಹೋದ ಅಪ್ಪನ ಕನ್ನಡಕ ಇದ್ದವು. ಗೋಕುಲ ರಸ್ತೆಯ ನಿಲ್ದಾಣದಲ್ಲಿ ಕಂಟ್ರೋಲರ್ ಅವರು ಮೊದಲು ಕೇಳಿದ್ದು ಟಿಕೆಟನ್ನು. ಅವ್ವ ಅದನ್ನು ಸುರುಳಿ ಸುತ್ತಿ ಬಳೆಗಳ ಸಂದಿಯಲ್ಲಿ ಸಿಕ್ಕಿಸಿಕೊಂಡಿದ್ದಳು. ಬೆವರಿಗೆ ಅಕ್ಷರಗಳು ಮಾಸಿದ್ದರೂ ಡಿಪೋದ ಹೆಸರು ಮತ್ತು ಸಮಯ ಓದುವಂತಿದ್ದವು. ಅಷ್ಟರಿಂದಲೇ ಅವರು ಗಾಡಿ ಯಾವುದೆಂದು ಪತ್ತೆ ಹಚ್ಚಿ ನಿರ್ವಾಹಕರಿಗೆ ಫೋನ್ ಮಾಡಿದರು. ಅಷ್ಟರಲ್ಲಿ ಬಸ್ಸು ಗದಗದ ಕಡೆಗೆ ಹೊರಟಾಗಿತ್ತು. ಚೀಲವನ್ನು ಜೋಪಾನವಾಗಿ ತೆಗೆದಿಟ್ಟಿದ್ದ ಆ ಪುಣ್ಯಾತ್ಮರು, ಎದುರಿಗೆ ಬಂದ ಹುಬ್ಬಳ್ಳಿ ಗಾಡಿಯಲ್ಲಿ ಅದನ್ನು ಕಳುಹಿಸಿಕೊಟ್ಟರು. ಅವರ ಮುಖವನ್ನೂ ನಾನು ನೋಡಿಲ್ಲ. ಅವರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರಗಳು.

ನಿಲ್ದಾಣದವರು ಒಳಗೆ ಏನೇನಿದೆ ಎಂಬುದನ್ನು ಅವ್ವನ ಬಾಯಿಂದಲೇ ಹೇಳಿಸಿ, ರಿಜಿಸ್ಟರಿನಲ್ಲಿ ಸಹಿ ಪಡೆದ ನಂತರವೇ ಚೀಲ ಕೊಟ್ಟರು. ಕೆಲವರಿಗೆ ಇದು ಕಿರಿಕಿರಿ ಎನಿಸಬಹುದು, ಆದರೆ ಕಳೆದುಕೊಂಡವರ ಪರವಾಗಿ ಇಷ್ಟು ಎಚ್ಚರ ವಹಿಸುವವರು ಇದ್ದಾರೆಂಬುದೇ ನನಗೆ ದೊಡ್ಡ ಸಮಾಧಾನ. ಪ್ರಯಾಣ ಮುಗಿದರೂ ಮನೆ ತಲುಪುವವರೆಗೆ ಟಿಕೆಟನ್ನು ಎಸೆಯಬೇಡಿ ಎಂದು ಹಿರಿಯರಿಗೆ ದಯವಿಟ್ಟು ತಿಳಿಸಿ. ರೈಲಿನಲ್ಲಿ ವಸ್ತು ಉಳಿದಿದ್ದರೆ ತಡಮಾಡದೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ, ರೈಲಿನ ಸಂಖ್ಯೆ, ಬೋಗಿ ಮತ್ತು ಸೀಟು ತಿಳಿಸಬೇಕು.