ಸೆರಾಮಿಕ್‌ನಲ್ಲಿ ಕರೆಂಟ್ ಹರಿಯುತ್ತದೆಯೇ?

ಹರಿಯುತ್ತದೆ. ಅವಸರದಲ್ಲಿರುವವರು ಇಲ್ಲಿಗೇ ನಿಲ್ಲಿಸಬಹುದು.

ನಾನು ಇಂಧನದಿಂದ ವಿದ್ಯುತ್ ತೆಗೆಯುವ ಘನ ಆಕ್ಸೈಡ್ ಕೋಶಗಳಿಗೆ ಸೆರಾಮಿಕ್ ವಿದ್ಯುದ್ವಾರಗಳನ್ನು, ಅಂದರೆ ಎಲೆಕ್ಟ್ರೋಡ್‌ಗಳನ್ನು, ಮಾಡುವ ಕೆಲಸದಲ್ಲಿದ್ದೇನೆ. ಹೀಗೆಂದ ಕೂಡಲೇ ಎದುರಿನವರ ಹುಬ್ಬು ಮೇಲೇರುತ್ತದೆ. "ಸೆರಾಮಿಕ್ ಎಂದರೆ ಕರೆಂಟ್ ಹರಿಯದ ವಸ್ತು ಅಲ್ಲವೇ?" ನನಗೆ ಸಿಟ್ಟು ಬರುವುದು ಆ ಬಾಲದ 'ಅಲ್ಲವೇ'ಯ ಮೇಲೆ. ಅದರಲ್ಲಿ ಕುತೂಹಲವಿಲ್ಲ, ತಿದ್ದುಪಡಿ ಇದೆ. ಇಷ್ಟು ವರ್ಷ ಕುಲುಮೆಯ ಮುಂದೆ ಕುಳಿತವಳಿಗೆ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ ಎಂಬ ಕನಿಕರವೂ ಇದೆ. ಇನ್ನು ಕೆಲವರು "ಹಾಗಾದರೆ ನೀವು ಮಡಕೆ ಮಾಡುತ್ತೀರಿ" ಎಂದು ನಗುತ್ತಾರೆ. ಮಡಕೆ ಮಾಡುವವರು ನನಗಿಂತ ನಿಪುಣರು. ಅವರ ಮಡಕೆ ಸೀಳಿದರೆ ಪ್ರಬಂಧ ಬರೆದು ಮುಚ್ಚಿಹಾಕಲು ಆಗುವುದಿಲ್ಲ.

ಈ ಪ್ರಶ್ನೆ ಕೇಳಿದವರಲ್ಲಿ ಒಬ್ಬರನ್ನು ಮಾತ್ರ ಕ್ಷಮಿಸಿದ್ದೇನೆ. ಮನೆಯ ಫ್ಯೂಸ್ ಸರಿಮಾಡಲು ಬಂದಿದ್ದ ಎಲೆಕ್ಟ್ರಿಷಿಯನ್. ಕೈಯಲ್ಲಿ ಹಳೆಯ ಪಿಂಗಾಣಿ ಫ್ಯೂಸ್ ಹಿಡಿದು, ನನ್ನ ಕೆಲಸ ಏನೆಂದು ಕೇಳಿ, ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, "ಮೇಡಂ, ಇದರಲ್ಲಿ ಕರೆಂಟ್ ಹರಿಯುವುದಾಗಿದ್ದರೆ ನಾನು ಇಷ್ಟು ಹೊತ್ತಿಗೆ ಗೋಡೆಯ ಮೇಲಿನ ಫೋಟೋ ಆಗಿರಬೇಕಿತ್ತು" ಎಂದರು. ಆಕ್ಷೇಪಣೆಗೆ ಪ್ರಾಣವನ್ನೇ ಸಾಕ್ಷಿಯಾಗಿ ಇಟ್ಟವರಿಗೆ ಸರಿಯಾದ ಉತ್ತರ ಕೊಡಲೇಬೇಕು. ಕೊಟ್ಟೆ.

ಪಿಂಗಾಣಿ ಸೆರಾಮಿಕ್ ಎಂಬ ದೊಡ್ಡ ಕುಲದ ಒಬ್ಬ ಸದಸ್ಯ ಮಾತ್ರ. ಆ ಕುಲದಲ್ಲಿ ತಣ್ಣಗಿರುವಾಗ ಸುಮ್ಮನಿದ್ದು, ಕಾದಾಗ ಬಾಯಿಬಿಡುವವರಿದ್ದಾರೆ. 1897ರಲ್ಲಿ ಜರ್ಮನ್ ವಿಜ್ಞಾನಿ ವಾಲ್ಟರ್ ನರ್ನ್ಸ್ಟ್ ಇಂಥದ್ದರಿಂದಲೇ ದೀಪ ಮಾಡಿದ್ದ. ಜಿರ್ಕೋನಿಯಾಕ್ಕೆ (ಜಿರ್ಕೋನಿಯಂ ಆಕ್ಸೈಡ್) ಯಿಟ್ರಿಯಾ (ಯಿಟ್ರಿಯಂ ಆಕ್ಸೈಡ್) ಬೆರೆಸಿದ ಕಡ್ಡಿ ಅದು. ತಣ್ಣಗಿದ್ದಾಗ ಕರೆಂಟ್ ಬಿಡದು. ಮೊದಲು ಹೊರಗಿನಿಂದ ಕಾಯಿಸಬೇಕು, ಆಮೇಲೆ ಅದೇ ಕರೆಂಟ್ ಹರಿಸಿಕೊಂಡು ಪ್ರಜ್ವಲಿಸುತ್ತದೆ. ಅಲ್ಲಿ ಓಡಾಡುವುದು ಎಲೆಕ್ಟ್ರಾನ್ ಅಲ್ಲ, ಆಕ್ಸಿಜನ್ ಅಯಾನು. ನಾಲ್ಕು ಧನ ವಿದ್ಯುದಂಶದ ಜಿರ್ಕೋನಿಯಂ ಇದ್ದ ಜಾಗದಲ್ಲಿ ಮೂರು ವಿದ್ಯುದಂಶದ ಯಿಟ್ರಿಯಂ ಕುಳಿತರೆ, ಲೆಕ್ಕ ಸರಿದೂಗಿಸಲು ಅಲ್ಲಲ್ಲಿ ಆಕ್ಸಿಜನ್ ಸೀಟು ಖಾಲಿ ಬೀಳುತ್ತದೆ. ಪಕ್ಕದ ಆಕ್ಸಿಜನ್ ಅಲ್ಲಿಗೆ ಜಿಗಿಯುತ್ತದೆ, ಅದರ ಜಾಗಕ್ಕೆ ಇನ್ನೊಂದು. ಕಾರಿನ ಹೊಗೆ ಕೊಳವೆಯಲ್ಲಿ ಆಕ್ಸಿಜನ್ ಅಳೆಯುವ ಸಂವೇದಕವೂ ಇದೇ ಜಿರ್ಕೋನಿಯಾದ್ದು, 1976ರಿಂದ ಕಾರುಗಳಲ್ಲಿದೆ. 'ಅಲ್ಲವೇ' ಎನ್ನುವವರಲ್ಲಿ ಎಷ್ಟೋ ಜನ ಅದರ ಮೇಲೆಯೇ ಕುಳಿತು ಬಂದಿರುತ್ತಾರೆ.

1937ರಲ್ಲಿ ಬಾವರ್ ಮತ್ತು ಪ್ರೈಸ್ ಎಂಬ ವಿಜ್ಞಾನಿಗಳು ಇದೇ ಬಗೆಯ ವಸ್ತುವನ್ನು ನಡುವೆ ಇಟ್ಟು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಂಧನ ಕೋಶ ನಡೆಸಿದರು. ಇಂದಿನ ಕೋಶಗಳು ಬಹುಪಾಲು 600ರಿಂದ 850 ಡಿಗ್ರಿಯಲ್ಲಿ ನಡೆಯುತ್ತವೆ. ನಡುವೆ ಎಲೆಕ್ಟ್ರೋಲೈಟ್ ಎಂಬ ತೆಳು ಪೊರೆ, ಒಂದು ಕಡೆ ಗಾಳಿ, ಇನ್ನೊಂದು ಕಡೆ ಹೈಡ್ರೋಜನ್; ವಿದ್ಯುತ್ ಬರುತ್ತದೆ. ಹಿಂದುಮುಂದಾಗಿ ವಿದ್ಯುತ್ ಕೊಟ್ಟು ಹಬೆ ಹಾಯಿಸಿದರೆ ಹೈಡ್ರೋಜನ್ ಬರುತ್ತದೆ. ಪೊರೆಯ ಎರಡು ಮಗ್ಗುಲಲ್ಲಿ ನನ್ನ ಅನ್ನ ಇದೆ.

ಗಾಳಿಯ ಮಗ್ಗುಲಿಗೆ ಹಳೆಯ ನೆಚ್ಚಿನ ವಸ್ತು ಸ್ಟ್ರಾನ್ಷಿಯಂ ಬೆರೆಸಿದ ಲ್ಯಾಂಥನಮ್ ಮ್ಯಾಂಗನೈಟ್ ಎಂಬ ಆಕ್ಸೈಡ್. ಕಾಡಿಗೆಯಂಥ ಕಪ್ಪು ಪುಡಿ. ಲ್ಯಾಂಥನಮ್‌ನ ಒಂದು ಪಾಲನ್ನು ತೆಗೆದು ಸ್ಟ್ರಾನ್ಷಿಯಂ ಕೂರಿಸಿದರೆ ಕೆಲವು ಮ್ಯಾಂಗನೀಸ್‌ಗಳು ಒಂದೊಂದು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ. ಉಳಿದವುಗಳ ಎಲೆಕ್ಟ್ರಾನ್ ಅಲ್ಲಿಗೆ ಹಾರುತ್ತದೆ. ಕರೆಂಟ್ ಹರಿಯಿತು. ಮುಗಿಯಿತು.

"ಹಾಗಾದರೆ ಪ್ಲಾಟಿನಂ ಏಕೆ ಬಳಸಬಾರದು?" ಎನ್ನುವವರಿಗೆ: ದುಬಾರಿ. ಬಿಸಿಯಲ್ಲಿ ಕಣಗಳು ಗಂಟುಕಟ್ಟಿ ದಪ್ಪವಾಗುತ್ತವೆ ಕೂಡ. ಮುಂದೆ ಹೋಗೋಣ.

ಎಲೆಕ್ಟ್ರಿಷಿಯನ್ ಇಷ್ಟನ್ನೂ ಕೇಳಿ ತಲೆಯಾಡಿಸಿ, ಫ್ಯೂಸ್‌ಗೆ ತಂತಿ ಸುತ್ತುತ್ತಾ ಕೇಳಿದರು: "ಸರಿ, ಹರಿಯಲಿ. ಕೆಟ್ಟರೆ ಮೊದಲು ಎಲ್ಲಿ ನೋಡಬೇಕು?"

ಸಂಬಂಧಿಕರು ಕೇಳದ, ಸಭೆಗಳಲ್ಲಿ ಯಾರೂ ಕೇಳದ ಪ್ರಶ್ನೆ. ಕರೆಂಟ್ ಹರಿಯುವುದು ಈ ಕೆಲಸದ ಸುಲಭದ ಭಾಗ. ಒಂದು ಎಲೆಕ್ಟ್ರೋಡ್ ಹತ್ತಾರು ಸಾವಿರ ಗಂಟೆ ಕೆಂಪಗೆ ಕಾದಿರುವಾಗ ಪಕ್ಕದವರೊಡನೆ ಹೇಗೆ ಬಾಳುತ್ತದೆ ಎಂಬುದೇ ನನ್ನ ನಿದ್ದೆ ಕೆಡಿಸುವ ವಿಚಾರ.

ಮೊದಲು ಅಂಟಿದ ಜಾಗ ನೋಡಬೇಕು. ಜಿರ್ಕೋನಿಯಾ ಪೊರೆ ಒಂದು ಡಿಗ್ರಿ ಬಿಸಿಗೆ ಹತ್ತು ಲಕ್ಷದಲ್ಲಿ ಸುಮಾರು ಹತ್ತೂವರೆ ಪಾಲು ಹಿಗ್ಗುತ್ತದೆ. ಮ್ಯಾಂಗನೈಟ್ ಅದರ ಹತ್ತಿರದಲ್ಲಿದೆ, ಆದ್ದರಿಂದಲೇ ನೆಚ್ಚಿನದು. ಕರೆಂಟ್ ಹರಿಸುವುದರಲ್ಲಿ ಅದನ್ನು ಮೀರಿಸುವ, ಮ್ಯಾಂಗನೀಸ್ ಬದಲು ಕೋಬಾಲ್ಟ್ ಇರುವ ಕೋಬಾಲ್ಟೈಟ್ ಸುಮಾರು ಇಪ್ಪತ್ತು ಪಾಲು ಹಿಗ್ಗುತ್ತದೆ. ಹತ್ತು ಸೆಂಟಿಮೀಟರ್ ಬಿಲ್ಲೆಯನ್ನು 800 ಡಿಗ್ರಿ ಮೇಲಕ್ಕೆ ಕಾಯಿಸಿದರೆ ಒಂದು ಪದರಕ್ಕೆ ಒಂದೂವರೆ ಮಿಲಿಮೀಟರ್‌ಗೂ ಹೆಚ್ಚು ಹಿಗ್ಗುವ ಆಸೆ, ಇನ್ನೊಂದಕ್ಕೆ ಅದರ ಅರ್ಧ. ಸಿಪ್ಪೆಯಂತೆ ಏಳುತ್ತದೆ. ಕಬ್ಬಿಣ ಬೆರೆಸಿ ಕೋಬಾಲ್ಟ್‌ನ ಹಿಗ್ಗು ತಗ್ಗಿಸಿದರೆ ಅದರಲ್ಲಿರುವ ಸ್ಟ್ರಾನ್ಷಿಯಂ ಜಿರ್ಕೋನಿಯಾದ ಜೊತೆ ಕೂಡಿ, ಕರೆಂಟ್‌ಗೆ ಅಡ್ಡ ನಿಲ್ಲುವ ಪದರವೊಂದನ್ನು ಕಟ್ಟಿಕೊಳ್ಳುತ್ತದೆ. ಅವೆರಡನ್ನೂ ದೂರವಿಡಲು ನಡುವೆ ಗ್ಯಾಡೋಲಿನಿಯಂ ಬೆರೆಸಿದ ಸೀರಿಯಾದ (ಸೀರಿಯಂ ಆಕ್ಸೈಡ್) ತೆಳು ಗೋಡೆ ಎಬ್ಬಿಸುತ್ತೇವೆ. ಅಷ್ಟರಲ್ಲಿ ಕೋಶಗಳನ್ನು ಜೋಡಿಸುವ ಉಕ್ಕಿನ ತಟ್ಟೆಯಿಂದ ಕ್ರೋಮಿಯಂ ಆವಿಯಾಗಿ ಬಂದು ಎಲೆಕ್ಟ್ರೋಡ್ ಮೇಲೆ ಕುಳಿತಿರುತ್ತದೆ. ಕರೆಯದೇ ಬಂದ ಅತಿಥಿ, ಎದ್ದು ಹೋಗುವುದಿಲ್ಲ.

ಇಂಧನದ ಮಗ್ಗುಲಲ್ಲಿ ನಿಕ್ಕೆಲ್ ಮತ್ತು ಜಿರ್ಕೋನಿಯಾ ಬೆರಕೆ. ಹಸಿರು ನಿಕ್ಕೆಲ್ ಆಕ್ಸೈಡ್ ಆಗಿ ಒಳಗೆ ಹೋಗುತ್ತದೆ, ಹೈಡ್ರೋಜನ್ ತಾಗಿ ಆಕ್ಸಿಜನ್ ಬಿಟ್ಟುಕೊಟ್ಟು ಬೂದು ನಿಕ್ಕೆಲ್ ಆಗುತ್ತದೆ. ಗಾತ್ರ ಕುಗ್ಗಿದ್ದರಿಂದ ರಂಧ್ರಗಳಾಗುತ್ತವೆ, ಅನಿಲ ಓಡಾಡಲು ಅವು ಬೇಕೇ ಬೇಕು. ಅಗ್ಗ, ಚುರುಕು. ಅದನ್ನು ಹೊಗಳುವಾಗ ನನಗೆ ಒಂದು ಸೋಮವಾರ ನೆನಪಾಗುತ್ತದೆ. ಶನಿವಾರ ಸಂಜೆ ಸಿಲಿಂಡರ್‌ನಲ್ಲಿ ಎಷ್ಟು ಉಳಿದಿದೆ ಎಂದು ನೋಡದೆ ಹೊರಟವಳು ನಾನೇ. ರಾತ್ರಿ ಯಾವಾಗಲೋ ಹೈಡ್ರೋಜನ್ ಮುಗಿದು, 800 ಡಿಗ್ರಿಯಲ್ಲಿದ್ದ ಕೋಶಕ್ಕೆ ಗಾಳಿ ನುಗ್ಗಿತ್ತು. ನಿಕ್ಕೆಲ್ ಮತ್ತೆ ಆಕ್ಸೈಡ್ ಆಗುವಾಗ ಸುಮಾರು ಎಪ್ಪತ್ತು ಶೇಕಡಾ ಉಬ್ಬುತ್ತದೆ, ಅದೂ ತಾನು ಬಿಟ್ಟುಬಂದ ಜಾಗಕ್ಕೆ ಸರಿಯಾಗಿ ಮರಳದೆ. ತೆರೆದು ನೋಡಿದರೆ ಪೊರೆ ಬೇಸಿಗೆಯ ಕೆರೆಯಂಗಳದಂತೆ ಬಿರಿದಿತ್ತು. ನಾಲ್ಕು ತಿಂಗಳ ಕೆಲಸ. ಸಹೋದ್ಯೋಗಿಗಳಿಗೆ 'ಅನಿಲ ಪೂರೈಕೆಯಲ್ಲಿ ವ್ಯತ್ಯಯ' ಎಂದು ಹೇಳಿದೆ. ಸುಳ್ಳಲ್ಲ.

ಮೀಥೇನ್ ಕೊಟ್ಟರೆ ನಿಕ್ಕೆಲ್ ಮೇಲೆ ಇಂಗಾಲ ಕೂದಲಿನಂತೆ ಬೆಳೆಯುತ್ತದೆ, ಗಂಧಕ ಹತ್ತು ಲಕ್ಷದಲ್ಲಿ ಕೆಲವೇ ಪಾಲು ಇದ್ದರೂ ನಿಕ್ಕೆಲ್ ಸೊರಗುತ್ತದೆ. ಮಂಗಳನ ಮೇಲೂ ಇದರ ಹಟ ಬಿಟ್ಟಿಲ್ಲ. 2021ರ ಏಪ್ರಿಲ್‌ನಲ್ಲಿ ಪರ್ಸಿವಿಯರೆನ್ಸ್ ರೋವರ್‌ನಲ್ಲಿದ್ದ ಮಾಕ್ಸಿ ಉಪಕರಣ ಅಲ್ಲಿನ ಕಾರ್ಬನ್ ಡೈಆಕ್ಸೈಡ್‌ನಿಂದ ಮೊದಲ ಬಾರಿ ಐದು ಗ್ರಾಂ ಚಿಲ್ಲರೆ ಆಕ್ಸಿಜನ್ ತೆಗೆಯಿತು. 2023ರ ಹೊತ್ತಿಗೆ ಒಟ್ಟು 122 ಗ್ರಾಂ. ಅದೂ ಘನ ಆಕ್ಸೈಡ್ ಕೋಶವೇ. ಒಳಗಿನ ನಿಕ್ಕೆಲ್ ಆಕ್ಸೈಡ್ ಆಗಿಬಿಡದಂತೆ, ಹೊರಬಂದ ಕಾರ್ಬನ್ ಮಾನಾಕ್ಸೈಡ್‌ನ ಒಂದು ಪಾಲನ್ನು ಅಲ್ಲಿ ಒಳಕ್ಕೇ ತಿರುಗಿಸಬೇಕಾಯಿತು. ನನ್ನ ಸಿಲಿಂಡರ್ ಚಿಂತೆಯನ್ನು ಇನ್ನೊಂದು ಗ್ರಹದಲ್ಲಿ ಯಾರೋ ಹೆಚ್ಚು ಬುದ್ಧಿವಂತಿಕೆಯಿಂದ ಪಟ್ಟಿದ್ದರು.

ನಿಕ್ಕೆಲ್‌ನ ಈ ಕಾಟದಿಂದಲೇ ಇಂಧನದ ಮಗ್ಗುಲಿಗೂ ಪೂರ್ತಿ ಸೆರಾಮಿಕ್ ಹುಡುಕಾಟ ನಡೆದಿದೆ: ಕ್ರೋಮಿಯಂ-ಮ್ಯಾಂಗನೀಸ್ ಪೆರೋವ್‌ಸ್ಕೈಟ್‌ಗಳು (ಒಂದು ಬಗೆಯ ಹರಳು ರಚನೆಯ ಆಕ್ಸೈಡ್‌ಗಳು), ಲ್ಯಾಂಥನಮ್ ಬೆರೆಸಿದ ಸ್ಟ್ರಾನ್ಷಿಯಂ ಟೈಟನೇಟ್. ಗಾಳಿ ನುಗ್ಗಿದರೂ ಅವು ಬಿರಿಯುವುದಿಲ್ಲ. ಚುರುಕು ಮಾತ್ರ ಸಾಲದು. ಈಗ ನನಗೆ ಇಷ್ಟವಾದ ಉಪಾಯವೆಂದರೆ ಲೋಹವನ್ನು ಹರಳಿನೊಳಗೇ ಅಡಗಿಸಿಟ್ಟು ಸುಡುವುದು. ಹೈಡ್ರೋಜನ್ ತಾಗಿದಾಗ ಅದು ಬೆವರಿನ ಹನಿಗಳಂತೆ ಮೇಲ್ಮೈಗೆ ಬಂದು, ಬೇರು ಒಳಗೇ ಬಿಟ್ಟು ನಿಲ್ಲುತ್ತದೆ. ಬೇರಿರುವುದರಿಂದ ಸುಲಭವಾಗಿ ಗಂಟುಕಟ್ಟುವುದಿಲ್ಲ. ಇದರ ಬಗ್ಗೆ ಕೇಳಿ, ಮೂರು ಗಂಟೆ ಮಾತನಾಡುತ್ತೇನೆ. ಯಾರೂ ಕೇಳುವುದಿಲ್ಲ.

ಎಲೆಕ್ಟ್ರಿಷಿಯನ್‌ಗೆ ಇದರಲ್ಲಿ ಅರ್ಧ ಹೇಳುವಷ್ಟರಲ್ಲಿ ದೀಪ ಬಂತು. "ಅದೆಲ್ಲ ಸರಿ ಮೇಡಂ, ಕೆಟ್ಟ ಪದರ ಬಿಚ್ಚಿ ಬೇರೆ ಹಾಕುವುದು ಹೇಗೆ?" ಎಂದರು.

"ಬಿಚ್ಚಲು ಬರುವುದಿಲ್ಲ. ಒಂದರ ಮೇಲೊಂದು ಸುಟ್ಟು ಕೂಡಿಸಿರುತ್ತೇವೆ."

"ಹಾಗಾದರೆ ಇದೇ ವಾಸಿ" ಎಂದು ಪಿಂಗಾಣಿ ಫ್ಯೂಸನ್ನು ಅದರ ಜಾಗಕ್ಕೆ ಒತ್ತಿ, ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡರು.