ಓರೆ ಹಿಡಿದ ಟೇಪು, ಸಮನಾದ ಪಾಲು

57 ಸೆಂಟಿಮೀಟರ್ ಅಗಲದ ಪ್ಲೈವುಡ್ ಹಲಗೆಯನ್ನು ಏಳು ಸಮಪಾಲು ಮಾಡಬೇಕಾದಾಗ ನಮ್ಮಲ್ಲಿ ಹೆಚ್ಚಿನವರ ಕೈ ಮೊದಲು ಹೋಗುವುದು ಮೊಬೈಲಿನ ಕ್ಯಾಲ್ಕ್ಯುಲೇಟರಿಗೆ. ಅದು 8.142857 ಎಂದು ತೋರಿಸುತ್ತದೆ, ಆದರೆ ಅಂಥ ಸಂಖ್ಯೆಗೆ ಟೇಪಿನ ಮೇಲೆ ಗೆರೆಯಿಲ್ಲ. ಸರಿ, 8.1 ಎಂದಿಟ್ಟುಕೊಳ್ಳೋಣ ಎಂದು ಒಂದು ಗುರುತಿನಿಂದ ಮುಂದಿನದನ್ನು ಅಳೆಯುತ್ತ ಹೋದರೆ, ಏಳನೆಯ ಗುರುತು ಹಲಗೆಯ ಅಂಚಿಗಿಂತ 3 ಮಿಲಿಮೀಟರ್ ಹಿಂದೆಯೇ ನಿಲ್ಲುತ್ತದೆ. ಉಳಿದ ಆ 3 ಮಿಲಿಮೀಟರನ್ನು ಯಾವ ಖಾನೆಗೆ ತುರುಕುವುದು ಎಂಬ ಚರ್ಚೆ ಆಮೇಲೆ ಶುರುವಾಗುತ್ತದೆ.

ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಸುತ್ತಮುತ್ತ ಕೆಲಸ ಮಾಡುವ ಅನುಭವಿ ಬಡಗಿಯ ಕೈಗೆ ಇದೇ ಹಲಗೆಯನ್ನು ಕೊಟ್ಟರೆ ಅವನು ಭಾಗಾಕಾರದ ತಂಟೆಗೇ ಹೋಗುವುದಿಲ್ಲ. ಏಳರಿಂದ ಸಲೀಸಾಗಿ ಭಾಗವಾಗುವ, 57ಕ್ಕಿಂತ ದೊಡ್ಡದಾದ ಸಂಖ್ಯೆಯೊಂದನ್ನು ಆರಿಸಿಕೊಳ್ಳುತ್ತಾನೆ. 63 ಇದೆಯಲ್ಲ, ಅದು ಸಾಕು. ಟೇಪಿನ ಒಂದು ತುದಿಯನ್ನು ಹಲಗೆಯ ಈಚೆ ಅಂಚಿನ ಮೇಲಿಟ್ಟು, 63ರ ಗೆರೆ ಆಚೆ ಅಂಚನ್ನು ಮುಟ್ಟುವ ತನಕ ಟೇಪನ್ನು ಓರೆ ಮಾಡುತ್ತಾನೆ, ಬಡಗಿಗಳ ಮಾತಿನಲ್ಲಿ ಹೇಳುವುದಾದರೆ ಕ್ರಾಸ್ ಹಿಡಿಯುತ್ತಾನೆ. 9, 18, 27, 36, 45, 54ರ ಎದುರು ಪೆನ್ಸಿಲಿನಿಂದ ಚುಕ್ಕೆಯಿಟ್ಟು, ಆ ಆರು ಚುಕ್ಕೆಗಳ ಮೂಲಕ ಹಲಗೆಯ ಅಂಚಿಗೆ ಸಮಾಂತರವಾಗಿ ಗೆರೆ ಎಳೆದರೆ ಏಳು ಪಟ್ಟಿಗಳು ಸಿದ್ಧವಾಗುತ್ತವೆ. ಪ್ರತಿಯೊಂದರ ಅಗಲವೂ ಕ್ಯಾಲ್ಕ್ಯುಲೇಟರ್ ಹೇಳಿದ ಅದೇ 8.142857, ಆದರೆ ಆ ಸಂಖ್ಯೆಯನ್ನು ಯಾರೂ ಅಳೆದಿಲ್ಲ, ಬರೆದೂ ಇಲ್ಲ.

ಈ ಕೆಲಸದಲ್ಲಿ ನಾನು ಗಮನಿಸಿದ ಒಂದು ಸೂಕ್ಷ್ಮವನ್ನು ಇಲ್ಲೇ ಹೇಳಿಬಿಡುತ್ತೇನೆ. ಉಕ್ಕಿನ ಟೇಪಿನ ತುದಿಯಲ್ಲಿರುವ ಕೊಕ್ಕೆ ಕೊಂಚ ಅಲ್ಲಾಡುತ್ತದೆ, ಅದು ತಯಾರಿಕೆಯ ದೋಷವಲ್ಲ. ಕೊಕ್ಕೆಯನ್ನು ಹಲಗೆಗೆ ಸಿಕ್ಕಿಸಿ ಎಳೆದಾಗಲೂ ಗೋಡೆಗೆ ಒತ್ತಿ ಹಿಡಿದಾಗಲೂ ಅದರದೇ ದಪ್ಪ ಲೆಕ್ಕ ಕೆಡಿಸದಿರಲೆಂದು ಆ ದಪ್ಪದಷ್ಟೇ ಸರಿದಾಡುವಂತೆ ಅದನ್ನು ಕೂರಿಸಿರುತ್ತಾರೆ. ಟೇಪನ್ನು ಓರೆ ಹಿಡಿದಾಗ ಮಾತ್ರ ಈ ಕೊಕ್ಕೆ ಅಂಚಿನ ಮೇಲೆ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ತಿಳಿದವರು 10ರ ಗೆರೆಯನ್ನು ಅಂಚಿಗೆ ಹೊಂದಿಸಿ, 73ನ್ನು ಆಚೆ ಅಂಚಿಗೆ ತಂದು, 19, 28, 37 ಎಂದು ಗುರುತು ಹಾಕುತ್ತಾರೆ.

ಇದು ಬಡಗಿಯ ಕೈಚಳಕದಂತೆ ಕಂಡರೂ ನಾವೆಲ್ಲರೂ ಶಾಲೆಯಲ್ಲಿ ಕೈವಾರ ಹಿಡಿದು ಮಾಡಿರುವ ರಚನೆಯೇ. ಎಬಿ ಎಂಬ ರೇಖಾಖಂಡವನ್ನು ಐದು ಸಮಭಾಗ ಮಾಡಬೇಕೆಂದರೆ, ಎ ಬಿಂದುವಿನಿಂದ ಲಘುಕೋನದಲ್ಲಿ ಒಂದು ಕಿರಣವನ್ನೆಳೆದು, ಕೈವಾರವನ್ನು ಅನುಕೂಲವಾದ ಯಾವುದೋ ಒಂದು ಅಳತೆಗೆ ತೆರೆದು, ಆ ಕಿರಣದ ಮೇಲೆ ಐದು ಸಮ ಹೆಜ್ಜೆಗಳನ್ನು ಗುರುತಿಸಿ, ಐದನೆಯ ಗುರುತನ್ನು ಬಿ ಬಿಂದುವಿಗೆ ಸೇರಿಸಿ, ಉಳಿದ ನಾಲ್ಕು ಗುರುತುಗಳಿಂದ ಆ ಸೇರುಗೆರೆಗೆ ಸಮಾಂತರ ರೇಖೆಗಳನ್ನು ಎಳೆಯಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುವವರು ಇಂಥ ರಚನೆಗಳನ್ನು ಅಂಕ ಕೈತಪ್ಪದ ಪ್ರಶ್ನೆಗಳೆಂದು ಉರು ಹೊಡೆಯುತ್ತಿದ್ದರು. ಹೆಜ್ಜೆಗಳ ಕ್ರಮ ಬಾಯಿಪಾಠವಾಗುತ್ತಿತ್ತು. ಕಿರಣವನ್ನು ಓರೆಯಾಗಿ ಏಕೆ ಎಳೆಯಬೇಕೆಂದು ಕೇಳುವವರೂ ಹೇಳುವವರೂ ಕಡಿಮೆಯಿದ್ದರು ಎಂಬುದು ನನ್ನ ಆಕ್ಷೇಪ.

ಕಾರಣ ಥೇಲ್ಸನ ಪ್ರಮೇಯದಲ್ಲಿದೆ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆಯು ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಕತ್ತರಿಸುತ್ತದೆ. ನಮಗೆ ಬೇಕಾದ ರೇಖೆಯ ಮೇಲೆ ಸಮಪಾಲು ಮಾಡುವುದು ಕಷ್ಟ, ಏಕೆಂದರೆ ಅದರ ಉದ್ದ ಮೊದಲೇ ನಿಗದಿಯಾಗಿದೆ. ಪಕ್ಕದ ಕಿರಣದ ಉದ್ದಕ್ಕೆ ಅಂಥ ನಿರ್ಬಂಧವಿಲ್ಲದ ಕಾರಣ ಅಲ್ಲಿ ಎಷ್ಟು ಬೇಕಾದರೂ ಸಮ ಹೆಜ್ಜೆಗಳನ್ನಿಡಬಹುದು. ಅಲ್ಲಿನ ಸಮಾನತೆಯನ್ನು ಇಲ್ಲಿಗೆ ಹೊತ್ತು ತರುವುದಷ್ಟೇ ಸಮಾಂತರ ರೇಖೆಗಳ ಕೆಲಸ. ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ನ ಆರನೆಯ ಸಂಪುಟದ ಒಂಬತ್ತನೆಯ ಪ್ರಮೇಯದಲ್ಲಿ ರೇಖೆಯೊಂದರಿಂದ ನಿಗದಿತ ಭಾಗವನ್ನು ಕತ್ತರಿಸಲು ಇದೇ ದಾರಿಯನ್ನು ತೋರಿಸಿದ್ದಾನೆ, ಅವನು ಉದಾಹರಣೆಗೆ ತೆಗೆದುಕೊಂಡದ್ದು ಮೂರನೆಯ ಒಂದು ಭಾಗವನ್ನು. ಬಡಗಿಯ ಹಲಗೆಯಲ್ಲಿ ಓರೆ ಟೇಪೇ ಆ ಕಿರಣ, ಹಲಗೆಯ ಅಂಚುಗಳು ಮೊದಲೇ ಸಮಾಂತರವಾಗಿರುವುದರಿಂದ ಅವನಿಗೆ ಅರ್ಧ ಶ್ರಮ ಉಳಿಯುತ್ತದೆ.

ಕಾಗದದ ಮೇಲೆ ನಾಲ್ಕು ಸಮಾಂತರ ರೇಖೆಗಳನ್ನು ಎಳೆಯುವುದು ಬೇಸರವೆನಿಸಿದರೆ ಇನ್ನೊಂದು ದಾರಿಯಿದೆ. ಬಿ ಬಿಂದುವಿನಿಂದಲೂ ಮೊದಲ ಕಿರಣಕ್ಕೆ ಸಮಾಂತರವಾಗಿ, ಆದರೆ ರೇಖೆಯ ಇನ್ನೊಂದು ಬದಿಗೆ, ಒಂದು ಕಿರಣವನ್ನು ಎಳೆದು, ಎರಡರ ಮೇಲೂ ಒಂದೇ ಅಳತೆಯ ನಾಲ್ಕು ನಾಲ್ಕು ಹೆಜ್ಜೆಗಳನ್ನಿಟ್ಟು, ಇಲ್ಲಿನ ಮೊದಲನೆಯದನ್ನು ಅಲ್ಲಿನ ನಾಲ್ಕನೆಯದಕ್ಕೆ, ಇಲ್ಲಿನ ಎರಡನೆಯದನ್ನು ಅಲ್ಲಿನ ಮೂರನೆಯದಕ್ಕೆ, ಹೀಗೆ ಸೇರಿಸುತ್ತ ಹೋದರೆ ಆ ಗೆರೆಗಳು ತಾವಾಗಿಯೇ ಸಮಾಂತರವಾಗಿ ಎಬಿಯನ್ನು ಐದು ಸಮಭಾಗಗಳಾಗಿ ಕತ್ತರಿಸುತ್ತವೆ. ಕೈವಾರವೂ ಬೇಡವೆನ್ನುವವರಿಗೆ ಗೆರೆ ಹಾಕಿದ ನೋಟ್‌ಪುಸ್ತಕವೇ ಸಾಕು. ಭಾಗ ಮಾಡಬೇಕಾದ ಕಾಗದದ ಪಟ್ಟಿಯ ಒಂದು ತುದಿಯನ್ನು ಯಾವುದೋ ಗೆರೆಯ ಮೇಲಿಟ್ಟು, ಇನ್ನೊಂದು ತುದಿ ಅಲ್ಲಿಂದ ಐದನೆಯ ಗೆರೆಯನ್ನು ಮುಟ್ಟುವಂತೆ ಓರೆ ಮಾಡಿದರೆ, ನಡುವಿನ ಗೆರೆಗಳು ಪಟ್ಟಿಯನ್ನು ದಾಟುವಲ್ಲೇ ಭಾಗಗಳು ಸಿಗುತ್ತವೆ.

ಬೆಂಗಳೂರಿನಲ್ಲಿ ಈ ವಿಧಾನ ನಿಜಕ್ಕೂ ಬೆಲೆ ಪಡೆಯುವುದು ಮೆಟ್ಟಿಲು ಕಟ್ಟುವಾಗ ಎಂದು ನನಗನ್ನಿಸುತ್ತದೆ. ಮೂವತ್ತು ನಲವತ್ತರ ಸೈಟಿನಲ್ಲಿ ಎಲ್ಲವನ್ನೂ ಕಳೆದು ಉಳಿದ ಇಕ್ಕಟ್ಟಿನಲ್ಲಿ ಮೆಟ್ಟಿಲಿಗೆ ಜಾಗ ಕೊಡುತ್ತಾರೆ, ಹಾಗಾಗಿ ಮೆಟ್ಟಿಲುಗಳ ಸಂಖ್ಯೆ ನಕ್ಷೆಯಲ್ಲೇ ಗಟ್ಟಿಯಾಗಿರುತ್ತದೆ. ನೆಲದಿಂದ ಮೇಲಿನ ನೆಲಕ್ಕೆ 10 ಅಡಿ 3 ಅಂಗುಲ, ಅಂದರೆ 123 ಅಂಗುಲ ಎತ್ತರವಿದ್ದು, ಅದನ್ನು 18 ಮೆಟ್ಟಿಲುಗಳಲ್ಲಿ ಏರಬೇಕು ಎಂದುಕೊಳ್ಳಿ. ಒಂದೊಂದರ ಎತ್ತರ 6.83 ಅಂಗುಲವಾಗುತ್ತದೆ, ಇದೂ ಟೇಪಿನಲ್ಲಿ ಹುಡುಕಲಾಗದ ಅಳತೆ. 18 ಏಳಲೆ 126. ಗೋಡೆಯ ಮೇಲೆ ಕೆಳಗಿನ ನೆಲದ ಮಟ್ಟಕ್ಕೊಂದು, ಮೇಲಿನ ನೆಲದ ಮಟ್ಟಕ್ಕೊಂದು ಗೆರೆ ಹಾಕಿ, ಟೇಪಿನ ಸೊನ್ನೆಯನ್ನು ಮೇಲಿನ ಗೆರೆಗೆ ಹಿಡಿದು, 126ರ ಗುರುತು ಕೆಳಗಿನ ಗೆರೆಯನ್ನು ಮುಟ್ಟುವವರೆಗೆ ಪಕ್ಕಕ್ಕೆ ಸರಿಸಬೇಕು. ನೇರ ಕೆಳಗಿನಿಂದ ಸುಮಾರು 27 ಅಂಗುಲ ಸರಿಯುತ್ತದೆ. ಪ್ರತಿ 7 ಅಂಗುಲಕ್ಕೊಂದು ಗುರುತು ಹಾಕಿ, ರಸಮಟ್ಟ (ಸ್ಪಿರಿಟ್ ಲೆವೆಲ್) ಹಿಡಿದು ಅಡ್ಡಗೆರೆಗಳನ್ನು ಎಳೆದರೆ ಹದಿನೆಂಟೂ ಮೆಟ್ಟಿಲುಗಳ ಎತ್ತರ ಗೋಡೆಯ ಮೇಲೆ ಮೂಡುತ್ತದೆ.

ಮೆಟ್ಟಿಲು ಏರುವಾಗ ನಾವು ಕಾಲನ್ನು ನೋಡಿಕೊಳ್ಳುವುದಿಲ್ಲ. ಮೊದಲ ಎರಡು ಮೆಟ್ಟಿಲುಗಳ ಎತ್ತರವನ್ನು ಕಾಲೇ ಕಲಿತುಕೊಂಡು ಉಳಿದವೂ ಹಾಗೆಯೇ ಇರುತ್ತವೆಂದು ನಂಬುತ್ತದೆ. ಒಂದು ಮೆಟ್ಟಿಲು ಅರ್ಧ ಅಂಗುಲ ಹೆಚ್ಚಿದ್ದರೂ ಅಲ್ಲೇ ಎಡವುತ್ತೇವೆ. ಅನೇಕ ಮನೆಗಳಲ್ಲಿ ಹೀಗೆ ಎಡವಿಸುವುದು ಮೊದಲನೆಯ ಅಥವಾ ಕೊನೆಯ ಮೆಟ್ಟಿಲೇ ಆಗಿರುತ್ತದೆ. ಗಾರೆ ಮತ್ತು ಟೈಲ್ಸ್ ಸೇರಿ ನೆಲ ಎಷ್ಟು ಏರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರಿಯ ಕಾಂಕ್ರೀಟಿನ ಮೇಲಿಂದ ಅಳೆದಿರುವುದು ಇದಕ್ಕೆ ಸಾಮಾನ್ಯ ಕಾರಣ. ಆ ಎರಡು ಗೆರೆಗಳನ್ನೇ ತಪ್ಪು ಜಾಗದಲ್ಲಿ ಹಾಕಿದರೆ ಯೂಕ್ಲಿಡ್ ಬಂದು ನಿಂತರೂ ಪ್ರಯೋಜನವಿಲ್ಲ.

ಓರೆ ವಿಧಾನದ ದೊಡ್ಡ ಗುಣವೆಂದರೆ ಇದರಲ್ಲಿ ತಪ್ಪು ಬೆಳೆಯುವುದಿಲ್ಲ. ಒಂದರ ಹಿಂದೊಂದು ಅಳೆಯುತ್ತ ಹೋದಾಗ ಪ್ರತಿ ಗುರುತೂ ಹಿಂದಿನದರ ತಪ್ಪನ್ನು ಹೊತ್ತುಕೊಂಡೇ ಹುಟ್ಟುತ್ತದೆ. ಓರೆ ಟೇಪಿನಲ್ಲಿ ಐದನೆಯ ಗುರುತು ತುಸು ಜರುಗಿದರೂ ಆರನೆಯದಕ್ಕೆ ಅದರ ಸೋಂಕು ತಗಲುವುದಿಲ್ಲ. ಅಷ್ಟೇ ಅಲ್ಲ, 63ನ್ನು 57ಕ್ಕೆ ಕುಗ್ಗಿಸುತ್ತಿರುವುದರಿಂದ ಟೇಪಿನ ಮೇಲಿನ 1 ಮಿಲಿಮೀಟರ್ ತಪ್ಪು ಹಲಗೆಯ ಅಗಲದಲ್ಲಿ 0.9 ಮಿಲಿಮೀಟರಿಗೆ ಇಳಿಯುತ್ತದೆ. ಹಾಗೆಂದು ವಿಪರೀತ ಓರೆ ಮಾಡಬಾರದು. ಆಗ ಟೇಪು ಅಂಚನ್ನು ಬಹಳ ಕಿರಿದಾದ ಕೋನದಲ್ಲಿ ದಾಟುವುದರಿಂದ ಎರಡೂ ಎಲ್ಲಿ ಸಂಧಿಸುತ್ತವೆಂದು ಕಣ್ಣಿಗೆ ಸ್ಪಷ್ಟವಾಗುವುದಿಲ್ಲ.

ಅಳತೆಪಟ್ಟಿಯೇ ಇಲ್ಲದೆ ಮೂರನೆಯ ಒಂದು ಭಾಗವನ್ನು ಕಾಣುವ ವಿಧಾನವೊಂದು ನನಗೆ ಇವೆಲ್ಲಕ್ಕಿಂತ ಪ್ರಿಯ. ಆಯತಾಕಾರದ ಹಾಳೆಯ ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ ಕರ್ಣವನ್ನೆಳೆಯಿರಿ. ಮೇಲಂಚಿನ ನಡುಬಿಂದುವನ್ನು ಮಡಿಸಿ ಗುರುತಿಸಿಕೊಂಡು ಅದನ್ನು ಕೆಳಗಿನ ಬಲಮೂಲೆಗೆ ಸೇರಿಸಿರಿ. ಈ ಗೆರೆ ಕರ್ಣವನ್ನು ದಾಟುವ ಬಿಂದು ಬಲ ಅಂಚಿನಿಂದ ಹಾಳೆಯ ಅಗಲದ ಮೂರನೆಯ ಒಂದರಷ್ಟು ದೂರದಲ್ಲಿರುತ್ತದೆ, ಏಕೆಂದರೆ ಅಲ್ಲಿ ಎದುರುಬದುರಾಗುವ ಎರಡು ಸಮರೂಪ ತ್ರಿಭುಜಗಳ ಪಾದಗಳು ಅರ್ಧ ಅಗಲ ಮತ್ತು ಪೂರ್ಣ ಅಗಲ, ಹಾಗಾಗಿ ಕರ್ಣವೂ ಒಂದಕ್ಕೆ ಎರಡರಂತೆ ಭಾಗವಾಗುತ್ತದೆ. ಆ ಬಿಂದುವಿನ ನೇರಕ್ಕೆ ಮೇಲಂಚಿನಲ್ಲಿ ಗುರುತು ಹಾಕಿ ಮತ್ತೆ ಕೆಳಗಿನ ಬಲಮೂಲೆಗೆ ಸೇರಿಸಿದರೆ ಕರ್ಣದ ಮೇಲೆ ನಾಲ್ಕನೆಯ ಒಂದು, ಇನ್ನೊಮ್ಮೆ ಮಾಡಿದರೆ ಐದನೆಯ ಒಂದು ದೊರೆಯುತ್ತದೆ.

ರೇಖೆಯನ್ನು ಹೀಗೆ ಎಷ್ಟು ಪಾಲಾದರೂ ಮಾಡಬಹುದಾದ ಮೇಲೆ ಕೋನವನ್ನೂ ಹಾಗೆಯೇ ಮಾಡಬಹುದಲ್ಲವೇ ಎಂಬ ಆಸೆ ಸಹಜ. ಕೋನದ ಎರಡು ಬಾಹುಗಳನ್ನು ಸಮ ದೂರದಲ್ಲಿ ಸೇರಿಸುವ ಜ್ಯಾವನ್ನು ಮೂರು ಪಾಲು ಮಾಡಿ ಶೃಂಗಕ್ಕೆ ಜೋಡಿಸಿದರೆ ಕೋನವೂ ಮೂರು ಪಾಲಾದಂತೆ ತೋರುತ್ತದೆ. 120 ಡಿಗ್ರಿಯ ಕೋನದಲ್ಲಿ ಇದನ್ನು ಮಾಡಿ ನೋಡಿದರೆ ಭ್ರಮೆ ಹರಿಯುತ್ತದೆ: ಸಿಗುವ ಭಾಗಗಳು 30, 60 ಮತ್ತು 30 ಡಿಗ್ರಿ. ಯಾವುದೇ ಕೋನವನ್ನು ಬರಿಯ ಗೆರೆಪಟ್ಟಿ ಮತ್ತು ಕೈವಾರಗಳಿಂದ ಮೂರು ಸಮಭಾಗ ಮಾಡುವ ಸಾರ್ವತ್ರಿಕ ವಿಧಾನ ಇರಲು ಸಾಧ್ಯವೇ ಇಲ್ಲವೆಂದು 1837ರಲ್ಲಿ ಫ್ರಾನ್ಸಿನ ಗಣಿತಜ್ಞ ಪಿಯರ್ ವಾಂಟ್ಜೆಲ್ ಸಾಧಿಸಿ ತೋರಿಸಿದ. 60 ಡಿಗ್ರಿಯಂಥ ಸಾಮಾನ್ಯ ಕೋನವೇ ಅದಕ್ಕೆ ಬಗ್ಗುವುದಿಲ್ಲ. ಹಾಗಾಗಿ ದುಂಡು ಮೇಜಿನ ಹಲಗೆಯನ್ನು ಒಂಬತ್ತು ಪಾಲು ಮಾಡಬೇಕಾದ ಬಡಗಿ ಟೇಪನ್ನು ಜೇಬಿಗೆ ಸೇರಿಸಿ ಕೋನಮಾಪಕವನ್ನೇ ಹುಡುಕಬೇಕಾಗುತ್ತದೆ.