ಮ್ಯಾನ್ ಆಫ್ ದ ಮ್ಯಾಚ್‌ಗೆ ಮಿಕ್ಸರ್ ಕೊಟ್ಟ ರಾತ್ರಿ

ನಮ್ಮ ಕ್ರಿಕೆಟ್ ಲೀಗಿನ ನಿಯಮ ಪುಸ್ತಕ 14 ಪುಟ. ಟೈಪ್ ಮಾಡಿದವನು ನಾನೇ. ಅಂಪೈರ್‌ಗೆ ಬೈದರೆ ಎರಡು ಮ್ಯಾಚ್ ಹೊರಗೆ. ಓನರ್ ಗೆರೆ ದಾಟಿ ಒಳಗೆ ಬಂದರೆ ದಂಡ. ಟೀಮ್ ಹತ್ತು ನಿಮಿಷ ತಡವಾದರೆ ಒಂದು ಓವರ್ ಕಟ್. ಜೆರ್ಸಿ ಮೇಲೆ ಬೇರೆ ಲೀಗಿನ ಲೋಗೋ ಇದ್ದರೆ ಏನು ಅನ್ನೋದಕ್ಕೂ ಒಂದು ಸಾಲು ಇತ್ತು. ಹೆಂಡತಿಗೆ ಹೊಡೆದು ಮೈದಾನಕ್ಕೆ ಬಂದವನನ್ನು ಏನು ಮಾಡಬೇಕು ಅಂತ ಮಾತ್ರ ಒಂದಕ್ಷರ ಇರಲಿಲ್ಲ.

ನಾನು ಕಾರವಾರದ ಒಂದು ಇವೆಂಟ್ ಕಂಪನಿಯಲ್ಲಿ ಆಪರೇಷನ್ಸ್ ನೋಡಿಕೊಳ್ಳುತ್ತೇನೆ. ಹೆಸರು ದೊಡ್ಡದು. ಕೆಲಸ ಅಂದರೆ ಜನರೇಟರ್‌ಗೆ ಡೀಸೆಲ್, ಮೈಕ್ ಪರ್ಮಿಷನ್, ಫಿಕ್ಸ್ಚರ್, ಟೀಮ್ ಶೀಟ್, ಯೂಟ್ಯೂಬ್ ಲೈವ್ ನಿಂತರೆ ಬೈಸಿಕೊಳ್ಳುವುದು. ಮಳೆ ಮುಗಿದ ಮೇಲೆ ಭಟ್ಕಳದಿಂದ ಮಾಜಾಳಿವರೆಗೆ ಹೊನಲು ಬೆಳಕಿನ ಟೂರ್ನಮೆಂಟ್‌ಗಳೇ ಅಲ್ವಾ. ಈ ಲೀಗ್ ಸ್ವಲ್ಪ ದೊಡ್ಡದು. ಎಂಟು ಟೀಮ್, ಹರಾಜು, ಟೀಮಿಗೊಬ್ಬ ಐಕಾನ್, ಅಂದರೆ ಸ್ಟಾರ್ ಆಟಗಾರ. ಬ್ಯಾನರ್ ಮೇಲೆ 'ಪ್ರೊಫೆಷನಲ್' ಅಂತ ಬರೆಸಿದ್ದೆವು. ಆಟಗಾರರಿಗೆ ದುಡ್ಡು ಕೊಡುತ್ತೇವೆ, ಹಾಗಾಗಿ ಪ್ರೊಫೆಷನಲ್. ಅಷ್ಟೇ ಲೆಕ್ಕ.

ಯಾವ ಮೈದಾನ, ಯಾವ ವರ್ಷ ಅಂತ ಬರೆಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಆಕೆಯನ್ನು ಗುರುತು ಹಿಡಿಯೋದು ಕಷ್ಟವೇನಲ್ಲ.

ಸೆಮಿಫೈನಲ್ ರಾತ್ರಿ. ಟಾಸ್ 8.45ಕ್ಕೆ. 8.30ಕ್ಕೆ ಎರಡನೇ ಟವರ್‌ನ ಎರಡು ಲೈಟ್ ಹೋದವು. ನಾನು ಜನರೇಟರ್ ಹತ್ತಿರ ಓಡಿದೆ. ಅಲ್ಲಿ ಕತ್ತಲಲ್ಲಿ ಒಬ್ಬಳು ನಿಂತಿದ್ದಳು. ಹೆಗಲ ಮೇಲೆ ಮಲಗಿದ ಮಗು. ಸೆರಗನ್ನು ಕಿವಿ ಮುಚ್ಚುವ ಹಾಗೆ ಎಳೆದುಕೊಂಡಿದ್ದಳು. ಲೈಟ್ ವಾಪಸ್ ಬಂದಾಗ ಕೆನ್ನೆ ಕಾಣಿಸಿತು. ಊದಿಕೊಂಡಿತ್ತು.

"ಅಣ್ಣಾ, ನೀವೇ ಅಲ್ವಾ ದುಡ್ಡು ಕೊಡೋರು?" ಅಂದಳು. ಅವಳು ನಮ್ಮ ಐಕಾನ್ ಒಬ್ಬನ ಹೆಂಡತಿ.

ಜನರೇಟರ್ ಸದ್ದಿನಲ್ಲಿ ಅರ್ಧ ಕೇಳಿಸಿತು, ಅರ್ಧ ಇಲ್ಲ. ಫೋನ್ ಬೇರೆ ಹೊಡೆದುಕೊಳ್ಳುತ್ತಿತ್ತು. ಟಾಸ್‌ಗೆ ನಮ್ಮ ಲೀಗಿನ ಮಾಸ್ತರು ಕಾಯುತ್ತಿದ್ದರು. ಕೆನ್ನೆ ನೋಡಿದ ಕೂಡಲೇ ನನ್ನ ತಲೆಯಲ್ಲಿ ಬಂದಿದ್ದು ಒಂದೇ: ಇವಳು ಅವನನ್ನು ಆಡಿಸಬೇಡಿ ಅಂತ ಹೇಳಲು ಬಂದಿದ್ದಾಳೆ, ಲೈವ್‌ನಲ್ಲಿ ರಾದ್ಧಾಂತ ಆಗುತ್ತದೆ. ಉಳಿದದ್ದನ್ನು ನಾನು ಆ ಹೆದರಿಕೆಯಲ್ಲೇ ಕೇಳಿಸಿಕೊಂಡೆ. "ನೋಡಮ್ಮಾ, ಇದು ಮನೆ ವಿಚಾರ. ಫೈನಲ್ ಮುಗೀಲಿ, ಕೂತು ಮಾತಾಡುವ" ಅಂದೆ. ಒಳ್ಳೆಯ ಮಾತು ಆಡಿದೆ ಅಂತಲೇ ಅಂದುಕೊಂಡಿದ್ದೆ.

ಅವಳು ಕೇಳಿದ್ದು ಎರಡೇ ಎರಡು. ಆಮೇಲೆ ನೆನಪು ಮಾಡಿಕೊಂಡಾಗ ಒಂದೊಂದು ಶಬ್ದವೂ ಸರಿಯಾಗಿ ನೆನಪಾಯಿತು. "ಆಡೋದು ನಿಲ್ಸಬೇಡಿ ಅಣ್ಣಾ. ಬಾಕಿ ದುಡ್ಡು ನನ್ನ ಕೈಗೆ ಕೊಡಿ. ಇವತ್ತು ರಾತ್ರಿ ಟೀಮಿನ ಜೊತೆ ರೂಮಲ್ಲೇ ಇಟ್ಕೊಳ್ಳಿ. ಸೋತ್ರೂ ನನ್ನ ಮೇಲೇ, ಗೆದ್ರೂ ನನ್ನ ಮೇಲೇ."

ರೂಮಿನ ವ್ಯವಸ್ಥೆ ಇತ್ತು. ಹೊರಗಿನ ಆಟಗಾರರಿಗೆ ಅಂತ ಲಾಡ್ಜ್‌ನಲ್ಲಿ ಆರು ರೂಮ್ ಹಿಡಿದಿದ್ದೆವು, ಒಂದು ಖಾಲಿಯೇ ಇತ್ತು. ಒಂದು ಫೋನಿನ ಕೆಲಸ.

ಅದನ್ನು ಮಾಡಲಿಲ್ಲ. ಮಾಡಿದ್ದೇನು ಗೊತ್ತಾ? ಟಾಸ್ ಆದ ಮೇಲೆ ಅವನನ್ನು ಡಗ್‌ಔಟ್ ಹಿಂದೆ ಕರೆದು, "ಮಾರಾಯಾ, ಮನೆಯವರು ಬಂದಿದ್ರು. ಸ್ವಲ್ಪ ಸುಧಾರಿಸ್ಕೋ" ಅಂದೆ. ಬುದ್ಧಿ ಹೇಳಿದ ಹಾಗೂ ಆಯಿತು, ಮ್ಯಾಚೂ ನಡೆಯಿತು ಅನ್ನೋ ಲೆಕ್ಕ. ಅವನು ನಕ್ಕ. "ಆಯ್ತು ಅಣ್ಣಾ, ಏನಿಲ್ಲ, ಸುಮ್ನೆ ಮಾತು ಬಂತು" ಅಂದ. ಪ್ಯಾಡ್ ಕಟ್ಟಿಕೊಂಡು ಹೋಗಿ ಸಿಕ್ಕ ಬೌಲರ್‌ಗಳಿಗೆಲ್ಲ ಹೊಡೆದ. ಜನ ಕುಣಿದರು. ನಾನೂ ಚಪ್ಪಾಳೆ ತಟ್ಟಿದೆ.

ಮ್ಯಾನ್ ಆಫ್ ದ ಮ್ಯಾಚ್‌ಗೆ ಸ್ಪಾನ್ಸರ್ ಕೊಟ್ಟದ್ದು ಮಿಕ್ಸರ್. ಕೊಡಬೇಕಾದ ಗಣ್ಯರು ಊಟಕ್ಕೆ ಹೋಗಿದ್ದರಿಂದ ಬಾಕ್ಸ್ ನನ್ನ ಕೈಗೆ ಬಂತು. ಕಾಮೆಂಟೇಟರ್ ಮೈಕಿನಲ್ಲಿ, "ಇವತ್ತು ಮನೆಯಲ್ಲಿ ಅತ್ತಿಗೆಗೆ ಹಬ್ಬ!" ಅಂದ. ಆ ಫೋಟೋ ಈಗಲೂ ಲೀಗಿನ ಪೇಜಿನಲ್ಲಿದೆ. ನಾನು ಹಲ್ಲು ಕಿರಿದುಕೊಂಡು ನಿಂತಿದ್ದೇನೆ.

ಬೆಳಿಗ್ಗೆ ಮಾಸ್ತರ ಫೋನ್. ಆಸ್ಪತ್ರೆಯಲ್ಲಿದ್ದಾಳೆ, ಮುಂಗೈ ಮುರಿದಿದೆ. "ನನ್ನ ಮೇಲೆ ದೂರು ಹೇಳಲಿಕ್ಕೆ ಹೋಗ್ತೀಯಾ ಅಂತ ಹೊಡೆದನಂತೆ" ಅಂದರು ಮಾಸ್ತರು. ಅವನಿಗೆ ಯಾರು ಹೇಳಿದ್ದು ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ನಾಲ್ಕು ದಿನ ಹೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪ್ಲಾಸ್ಟರ್ ಹಾಕಿದ ಕೈಯ ಫೋಟೋ ವಾಟ್ಸಾಪ್‌ನಲ್ಲಿ ಓಡಾಡಿತು. ಅಲ್ಲಿವರೆಗೆ "ನೋಡುವ, ನೋಡುವ" ಅನ್ನುತ್ತಿದ್ದ ಕಮಿಟಿ ಅರ್ಧ ಗಂಟೆಯಲ್ಲಿ ಆಜೀವ ನಿಷೇಧ ಅಂತ ಪೋಸ್ಟರ್ ಮಾಡಿಸಿತು. ಕಪ್ಪು ಹಿನ್ನೆಲೆ, ಕೆಂಪು ಅಕ್ಷರ, ಕೆಳಗೆ ಸ್ಪಾನ್ಸರ್ ಲೋಗೋ. ಅವಳನ್ನು ಯಾರೂ ಕೇಳಲಿಲ್ಲ. ಅವನನ್ನೂ ಕೇಳಲಿಲ್ಲ. ಕಮೆಂಟ್ ತುಂಬ ಚಪ್ಪಾಳೆ. ಆಮೇಲೆ ನಿಯಮ 9 ನೆನಪಾಯಿತು: ಶಿಸ್ತು ಕ್ರಮ ಆದ ಆಟಗಾರನ ಬಾಕಿ ಹಣ ಟೀಮ್ ಓನರ್‌ಗೆ ವಾಪಸ್. ನಾನೇ ಟೈಪ್ ಮಾಡಿದ ಸಾಲು. ಬಾಕಿ ಇದ್ದದ್ದು 20 ಸಾವಿರ, ಅವಳು 'ನನ್ನ ಕೈಗೆ ಕೊಡಿ' ಅಂದ ದುಡ್ಡು. ಅದು ಇನ್ನೋವಾದಲ್ಲಿ ಓಡಾಡುವ ಓನರ್‌ಗೆ ಹೋಯಿತು.

ಸೀಸನ್ ಮುಗಿದ ಮೇಲೆ ನಮ್ಮ ಸರ್, "ನೀನೇ ಒಂದು ರೂಲ್ ಬರಿ. ಗಟ್ಟಿ ಇರಲಿ, ಒಂದೇ ಸಾಲಲ್ಲಿ ಮುಗೀಲಿ" ಅಂದರು. ದೊಡ್ಡ ಲೀಗಿನವರು ಏನು ಮಾಡಿದ್ದಾರೆ ಅಂತ ಓದಲು ಕೂತೆ. ದೊಡ್ಡವರೂ ನಮ್ಮ ಹಾಗೇ ಅಂತ ಗೊತ್ತಾಯಿತು.

ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಇದೆಯಲ್ಲ. 2014ರಲ್ಲಿ ರೇ ರೈಸ್ ಅನ್ನೋ ಆಟಗಾರ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೋದಲ್ಲಿ, ಲಿಫ್ಟ್ ಒಳಗೆ, ಮದುವೆಯಾಗಲಿದ್ದ ಹುಡುಗಿಗೆ ಹೊಡೆದು ಬೀಳಿಸಿದ. ಲೀಗ್ ಕೊಟ್ಟ ಶಿಕ್ಷೆ ಎರಡು ಮ್ಯಾಚ್. ನಮ್ಮಲ್ಲಿ ಅಂಪೈರ್‌ಗೆ ಬೈದಷ್ಟೇ! ಅದೇ ವರ್ಷ ಗಾಂಜಾ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಜೋಶ್ ಗಾರ್ಡನ್‌ಗೆ ಮೊದಲು ಹಾಕಿದ್ದು ಇಡೀ ಸೀಸನ್. ಜನ ಉಗಿದ ಮೇಲೆ ಆಗಸ್ಟ್‌ನಲ್ಲಿ ಹೊಸ ನಿಯಮ ಬಂತು: ಮೊದಲ ಸಲ ಆರು ಮ್ಯಾಚ್, ಎರಡನೇ ಸಲ ಲೀಗಿನಿಂದಲೇ ಹೊರಗೆ, ಒಂದು ವರ್ಷ ಬಿಟ್ಟು ಅರ್ಜಿ ಹಾಕಬಹುದು. ಸೆಪ್ಟೆಂಬರ್ 8ಕ್ಕೆ ಲಿಫ್ಟ್ ಒಳಗಿನ ವಿಡಿಯೋ ಹೊರಬಿತ್ತು. ಅದೇ ದಿನ ಟೀಮ್ ಅವನನ್ನು ಕೈಬಿಟ್ಟಿತು, ಲೀಗ್ ಅನಿರ್ದಿಷ್ಟ ಕಾಲ ನಿಷೇಧ ಹಾಕಿತು. ನವೆಂಬರ್‌ನಲ್ಲಿ ಬಾರ್ಬರಾ ಜೋನ್ಸ್ ಅನ್ನೋ ಮಾಜಿ ನ್ಯಾಯಾಧೀಶೆ ಆ ನಿಷೇಧವನ್ನೇ ಕಿತ್ತುಹಾಕಿದರು. ಅವನು ಮೊದಲೇ ಏನೂ ಸುಳ್ಳು ಹೇಳಿರಲಿಲ್ಲ, ಹಾಗಿದ್ದ ಮೇಲೆ ಅದೇ ತಪ್ಪಿಗೆ ಎರಡನೇ ಶಿಕ್ಷೆ ಯಾವ ನ್ಯಾಯ ಅಂತ. ಹೊಡೆತ ಒಂದೇ. ಬದಲಾದದ್ದು ವಿಡಿಯೋ ಮಾತ್ರ. ನಮ್ಮ ಪ್ಲಾಸ್ಟರ್ ಫೋಟೋ ಕಣ್ಣ ಮುಂದೆ ಬಂತು.

ನಮ್ಮ ದೇಶದ್ದೂ ಇದೆ. 2018ರಲ್ಲಿ ಭಾರತ ತಂಡದ ಒಬ್ಬ ವೇಗದ ಬೌಲರ್ ಮೇಲೆ ಪತ್ನಿ ಹಿಂಸೆಯ ಆರೋಪ ಮಾಡಿದರು. ಬೌಲರ್ ಅದನ್ನು ನಿರಾಕರಿಸಿದರು. ಬಿಸಿಸಿಐ ಒಪ್ಪಂದ ತಡೆಹಿಡಿದು ತನಿಖೆ ಮಾಡಿಸಿತು. ಯಾವುದರ ಬಗ್ಗೆ? ಫಿಕ್ಸಿಂಗ್ ಬಗ್ಗೆ. ಅಂಥದ್ದೇನಿಲ್ಲ ಅಂತ ವರದಿ ಬಂದ ಮೇಲೆ ಒಪ್ಪಂದ ಕೊಟ್ಟರು. ಮನೆಯ ವಿಚಾರ ಪೊಲೀಸರಿಗೆ, ಕೋರ್ಟಿಗೆ.

ಸ್ವಲ್ಪ ತಲೆ ಇಟ್ಟು ಮಾಡಿದ್ದು ಅಮೆರಿಕದ ಬೇಸ್‌ಬಾಲ್‌ನವರು ಅನ್ನಿಸಿತು. 2015ರಲ್ಲಿ ಆಟಗಾರರ ಸಂಘದ ಜೊತೆ ಕೂತು ನಿಯಮ ಮಾಡಿದರು. ದೂರು ಬಂದರೆ ತನಿಖೆ ಆಗುವಾಗ ಏಳು ದಿನದವರೆಗೆ ಸಂಬಳ ಸಮೇತ ಹೊರಗೆ ಕೂರಿಸಬಹುದು. ಅದು ಶಿಕ್ಷೆ ಅಲ್ಲ. ಶಿಕ್ಷೆ ಕೊಡಲು ಕೋರ್ಟಿನ ತೀರ್ಪಿಗೆ ಕಾಯಬೇಕಾಗಿಲ್ಲ. ಆರೋಲ್ಡಿಸ್ ಚಾಪ್ಮನ್ ಅನ್ನೋ ಆಟಗಾರನ ಮೇಲೆ ಪೊಲೀಸ್ ಕೇಸೇ ಆಗಲಿಲ್ಲ, ಆದರೂ 2016ರಲ್ಲಿ 30 ಮ್ಯಾಚ್ ಹೊರಗೆ ಕೂತ. 'ಕೇಸ್ ಇಲ್ಲ, ನಾವೇನು ಮಾಡೋದು' ಅನ್ನೋ ನಮ್ಮ ಕಮಿಟಿಯ ಹಳೇ ರಾಗ ಅಲ್ಲಿ ನಡೆಯಲಿಲ್ಲ.

ಇಷ್ಟೆಲ್ಲ ಓದಿ ಬರೆದೆ. ದೂರು ಬಂದ ದಿನವೇ ಹೆಸರು ಟೀಮ್ ಶೀಟಿನಿಂದ ಹೊರಗೆ, ಫೀಸ್ ನಿಲ್ಲಿಸುವುದಿಲ್ಲ. ತೀರ್ಮಾನ ಓನರ್‌ಗಳದ್ದಲ್ಲ, ಹೊರಗಿನ ಮೂವರದ್ದು, ಅದರಲ್ಲಿ ಒಬ್ಬರು ಮಹಿಳಾ ವಕೀಲರು. ಶಿಕ್ಷೆ ಒಂದೇ ಸಲ, ಮ್ಯಾಚ್ ಲೆಕ್ಕದಲ್ಲಿ, ಐಕಾನ್ ಆದರೂ ಎಕ್ಸ್‌ಟ್ರಾ ಪ್ಲೇಯರ್ ಆದರೂ ಅಷ್ಟೇ. ನಿಯಮ 9 ಇಲ್ಲಿಗೆ ಅನ್ವಯಿಸುವುದಿಲ್ಲ. ಮತ್ತೆ ದಪ್ಪ ಅಕ್ಷರದಲ್ಲಿ: ಯಾರು ಬಂದು ಹೇಳಿದರು ಅಂತ ಲೀಗಿನ ಯಾವನೂ ಆಟಗಾರನಿಗೆ ಬಾಯಿ ಬಿಡಬಾರದು. ಕೊನೆಯದನ್ನು ಯಾವ ಲೀಗಿನಿಂದಲೂ ಕದ್ದಿಲ್ಲ.

ದುಡ್ಡಿನ ವಿಷಯಕ್ಕೆ ಒಬ್ಬ ವಕೀಲರನ್ನು ಕೇಳಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಅದಕ್ಕೂ ದಾರಿ ಇದೆಯಂತೆ. ಕೊಡು ಅಂತ ಮ್ಯಾಜಿಸ್ಟ್ರೇಟ್ ಹೇಳಿದ ಹಣವನ್ನು ಗಂಡ ಕೊಡದಿದ್ದರೆ, ಅವನಿಗೆ ಸಂಬಳ ಕೊಡುವವರೇ ಅದರ ಒಂದು ಭಾಗವನ್ನು ನೇರ ಹೆಂಡತಿಗೆ ಕೊಡಬೇಕು ಅಂತ ಆದೇಶ ಮಾಡಬಹುದು. ಅರ್ಜಿಗೆ ಸಹಾಯ ಮಾಡಲು ಸಂರಕ್ಷಣಾಧಿಕಾರಿ ಇರುತ್ತಾರೆ, ನಮ್ಮಲ್ಲಿ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂದರೆ ಜನರೇಟರ್ ಪಕ್ಕ ನಿಂತು ಅವಳು ಕೇಳಿದ್ದು ಹುಚ್ಚು ಮಾತಲ್ಲ, ಹೆಚ್ಚುಕಮ್ಮಿ ಕಾನೂನಿನಲ್ಲೇ ಇದ್ದದ್ದು. ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ಮೀಟಿಂಗಿನಲ್ಲಿ ಓನರ್‌ಗಳು ಹೊರಗಿನ ಮೂವರ ಸಾಲನ್ನು ಹೊಡೆದುಹಾಕಿದರು. 'ಕಮಿಟಿಯ ತೀರ್ಮಾನವೇ ಅಂತಿಮ' ಅನ್ನೋ ಸಾಲು ಉಳಿಯಿತು. ಫೀಸ್ ಸಾಲಿಗೂ ಗಲಾಟೆ ಆಯಿತು. "ಆಡದೇ ದುಡ್ಡಾ?" ಅಂದರು. ನಾನು ಆ ರಾತ್ರಿ ಡಗ್‌ಔಟ್ ಹಿಂದೆ ಏನು ಹೇಳಿದೆ ಅಂತ ಅಲ್ಲೇ, ಎಲ್ಲರ ಮುಂದೆ ಹೇಳಿದೆ. ಮಾಸ್ತರು ತಲೆ ತಗ್ಗಿಸಿ ಕೂತರು. ಯಾರೂ ಮಾತಾಡಲಿಲ್ಲ. ಫೀಸ್ ಸಾಲು ಪಾಸಾಯಿತು, ದಪ್ಪ ಅಕ್ಷರದ ಸಾಲೂ. ಸ್ಕೋರರ್ ಟೇಬಲ್ ಮೇಲೆ ಈಗ ಮಹಿಳಾ ಸಹಾಯವಾಣಿ 181, ತುರ್ತು ಕರೆಯ 112 ಮತ್ತು ಸಿಡಿಪಿಒ ಕಚೇರಿ ನಂಬರ್ ಇರುವ ಲ್ಯಾಮಿನೇಷನ್ ಹಾಳೆ ಇದೆ. ಹುಡುಗರು ಅದರ ಮೇಲೆ ಚಹಾ ಕಪ್ ಇಡುತ್ತಾರೆ. ದಿನಾ ಬೈಯುತ್ತೇನೆ.

ಮಳೆಗಾಲದಲ್ಲಿ ಒಂದು ಫೋನ್ ಬಂತು. ಅವಳೇ. ಅಂಕೋಲಾ ಹತ್ತಿರ ತಾಯಿ ಮನೆಯಲ್ಲಿದ್ದಾಳಂತೆ. ಬರುವಾಗ ಮಗುವನ್ನೂ ಮಿಕ್ಸರನ್ನೂ ಎತ್ತಿಕೊಂಡು ಬಂದಿದ್ದಳು.

"ಅಣ್ಣಾ, ಚಟ್ನಿ ಜಾರ್ ಸೋರ್ತದೆ. ಗ್ಯಾರಂಟಿ ಇದೆ ಅಲ್ವಾ, ಬಿಲ್ ನಿಮ್ಮ ಹತ್ರ ಇದೆಯಾ?"

ಸ್ಪಾನ್ಸರ್ ಫೈಲಿನಲ್ಲಿ ಬಿಲ್ ಸಿಕ್ಕಿತು, ಲೀಗಿನ ಹೆಸರಲ್ಲಿ. ಅವಳು ಹೋದರೆ ಅಂಗಡಿಯವನು ಒಪ್ಪಲಿಕ್ಕಿಲ್ಲ ಅನ್ನಿಸಿತು. ಹಳೇ ಜಾರ್ ಬಸ್ಸಿನಲ್ಲಿ ಹಾಕಿ ಕಳಿಸು ಅಂದೆ. ನಾನೇ ಹೋಗಿ ಬದಲಿಸಿಕೊಂಡು, ಸಂಜೆ ಅಂಕೋಲಾ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹೊಸದನ್ನು ಕೊಟ್ಟೆ.